ತಟ್ಟಿ ನೋಡಿ ತಂದ ಕಪ್ಪು-ಬಸಿಗಳು

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಒಂದು ಗುಜರಿ ಅಂಗಡಿ. ತುಕ್ಕು ಹಿಡಿದ ಸ್ಪ್ರೇ ಕ್ಯಾನು, ಹಳೇ ಪಲ್ಪರ್ ಚಕ್ರ, ರದ್ದಿ ಪೇಪರ್ ಕಟ್ಟುಗಳ ಮಧ್ಯೆ ನನ್ನ ಮೊದಲ ಕಪ್ ಸಿಕ್ಕಿತು. ಹೊರಗೆ ಸಣ್ಣ ಸಣ್ಣ ನೀಲಿ ಹೂವು, ಒಳಗೆ ದಟ್ಟ ಕಂದು ಕಲೆ. ಹಿಡಿ ಎಷ್ಟು ಚಿಕ್ಕದೆಂದರೆ ಬೆರಳು ತೂರುವುದಿಲ್ಲ, ಚಿಟಿಕೆಯಲ್ಲಿ ಹಿಡಿಯಬೇಕು. ಬಸಿ ಇರಲಿಲ್ಲ. ಅಂಗಡಿಯ ಅಣ್ಣ ಐವತ್ತು ರೂಪಾಯಿ ಅಂದರು, ಕೊಟ್ಟು ತಂದೆ. ಆರು ವರ್ಷದ ಹಿಂದಿನ ಮಾತು. ಈಗ ಮನೆಯ ಗಾಜಿನ ಬೀರುವಿನಲ್ಲಿ ಹತ್ತೊಂಬತ್ತು ಜೋಡಿ ಇವೆ.

ಕಾಫಿ ಸೀಮೆಯಲ್ಲಿ ಟೀ ಕಪ್ ಹುಡುಕುತ್ತೀರಾ ಅಂತ ತುಂಬಾ ಜನ ಕೇಳುತ್ತಾರೆ. 19ನೇ ಶತಮಾನದಲ್ಲಿ ಇಲ್ಲಿಗೆ ತೋಟ ಮಾಡಲು ಬಂದ ಇಂಗ್ಲಿಷ್ ಪ್ಲಾಂಟರುಗಳು ಬೆಳೆದದ್ದು ಕಾಫಿ, ಆದರೆ ಅವರು ಚಹಾ ಕುಡಿದು ಬೆಳೆದ ಜನ. ನನಗೆ ಕಪ್ ಮಾರಿದ ಎರಡು ಮನೆಯವರು ಹೇಳಿದ್ದೂ ಒಂದೇ: ತೋಟ ಕೊಂಡಾಗ ಬಂಗಲೆಯ ಸಾಮಾನೂ ಜೊತೆಗೇ ಬಂತು, ಇದನ್ನು ಯಾರೂ ಬಳಸಲಿಲ್ಲ, ಅಟ್ಟ ಸೇರಿತು. ನಮಗೆ ಲೋಟವೇ ರೂಢಿ ಅಲ್ವಾ. ಹಾಗಾಗಿ ಎಷ್ಟೋ ಕಪ್ಪುಗಳು ಒಡೆಯದೆ ಉಳಿದಿವೆ. ಮನೆಯವರು ಎಲ್ಲವನ್ನೂ ಕಾಫಿ ಕಪ್ ಅಂತಲೇ ಕರೆಯುತ್ತಾರೆ. ಬಾಯಿ ಅಗಲವಾಗಿ, ಗಿಡ್ಡಕ್ಕೆ ಇದ್ದರೆ ಸಾಮಾನ್ಯವಾಗಿ ಅದು ಟೀ ಕಪ್. ಕಾಫಿಯದು ಕಿರಿದು, ಉದ್ದ.

ಕೊಳ್ಳುವ ಮೊದಲು ನಾನು ಮಾಡುವ ಕೆಲಸ ನಮ್ಮ ಅಜ್ಜಿ ಸಂತೆಯಲ್ಲಿ ಮಡಕೆಗೆ ಮಾಡುತ್ತಿದ್ದದ್ದೇ. ಕಪ್ಪನ್ನು ಎಡಗೈಯ ಬೆರಳ ತುದಿಗಳ ಮೇಲೆ ಕೂರಿಸುತ್ತೇನೆ. ಅಂಗೈ ತಾಗಬಾರದು, ತಾಗಿದರೆ ಸದ್ದು ಸತ್ತುಹೋಗುತ್ತದೆ. ಬಲಗೈ ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟುತ್ತೇನೆ. ಒಳ್ಳೆಯ ಬೋನ್ ಚೈನಾ ಕಪ್ ದೇವರ ಮನೆಯ ಗಂಟೆ ತರ ಟಿಂಗ್ ಅನ್ನುತ್ತದೆ, ಆ ಸದ್ದು ಒಂದು ಕ್ಷಣ ಕಿವಿಯಲ್ಲಿ ಉಳಿಯುತ್ತದೆ. ಟಪ್ ಅಂತ ಮಂಕಾಗಿ ಕೇಳಿದರೆ ಎಲ್ಲೋ ಬಿರುಕಿರಬಹುದು ಎಂದು ಅನುಮಾನ ಪಡಬೇಕು. ಮಣ್ಣಿನ ದಪ್ಪ ಪಿಂಗಾಣಿ ಅಷ್ಟು ಚೆನ್ನಾಗಿ ಮೊಳಗುವುದಿಲ್ಲ, ಅದು ಬೇರೆ ವಿಷಯ. ಒಂದೇ ಕಪ್ಪನ್ನು ಮೂರು ಕಡೆ ತಟ್ಟಿ ನೋಡುವ ನನ್ನನ್ನು ಕಂಡು ಮೂಡಿಗೆರೆಯ ಒಬ್ಬ ಅಂಗಡಿಯವರು, "ಏನಕ್ಕಾ, ಅದು ಏನಂತ ಹೇಳ್ತಿದೆ?" ಅಂದರು. ಕಪ್ಪನ್ನು ಅವರ ಕಿವಿಯ ಹತ್ತಿರ ಹಿಡಿದು ತಟ್ಟಿದೆ. ಈಗ ಹಳೇ ಪಿಂಗಾಣಿ ಬಂದಾಗಲೆಲ್ಲ ಅವರೇ ತಟ್ಟಿ ನೋಡಿ ಫೋನ್ ಮಾಡುತ್ತಾರೆ.

ಆಮೇಲೆ ಬೆಳಕು. ಅಂಗಡಿಯ ಬಾಗಿಲಿಗೆ ಬಂದು ಕಪ್ಪಿನ ಹಿಂದೆ ಕೈ ಇಟ್ಟು ನೋಡಬೇಕು. ಬೋನ್ ಚೈನಾ ಆದರೆ ಬೆರಳುಗಳ ನೆರಳು ಆಚೆಗೆ ಕಾಣುತ್ತದೆ. ಕೂದಲೆಳೆಯಂಥ ಬಿರುಕೂ ಆಗಲೇ ಕಣ್ಣಿಗೆ ಬೀಳುವುದು. ಕೊನೆಗೆ ಕಣ್ಣು ಮುಚ್ಚಿ ಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ತರುತ್ತೇನೆ. ಎಳ್ಳುಕಾಳಿನಷ್ಟು ಚಕ್ಕೆ ಹಾರಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಮೈಮೇಲೆ ಬಲೆ ಹೆಣೆದ ಹಾಗೆ ಸಣ್ಣ ಗೆರೆಗಳಿದ್ದರೆ ಹೆದರಬೇಕಿಲ್ಲ. ಮೇಲಿನ ಹೊಳಪಿನ ಪದರ ಒಂದು ಅಳತೆಗೆ, ಒಳಗಿನ ಮಣ್ಣು ಇನ್ನೊಂದು ಅಳತೆಗೆ ಕುಗ್ಗಿದಾಗ ಹಾಗಾಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಚಹಾದ ಕಲೆ ಆ ಗೆರೆಗಳಲ್ಲಿ ಇಳಿದುಬಿಡುತ್ತದೆ.

ಇಷ್ಟೆಲ್ಲ ಕಲಿತದ್ದು ಒಂದು ನಷ್ಟದ ನಂತರ. ಎರಡನೇ ವರ್ಷ ಒಬ್ಬ ವ್ಯಾಪಾರಿ ಮನೆಗೇ ಬಂದು, ಸಂಜೆ ಕರೆಂಟ್ ಇಲ್ಲದ ಹೊತ್ತಿನಲ್ಲಿ, ಗುಲಾಬಿ ಹೂವಿನ ನಾಲ್ಕು ಜೋಡಿ ಮಾರಿ ಹೋದರು. ಮೂರು ಸಾವಿರದ ಇನ್ನೂರು ಕೊಟ್ಟಿದ್ದೆ. ಮಾರನೇ ದಿನ ಚಿಕ್ಕಮ್ಮ ಬಂದಾಗ ಸಂಭ್ರಮದಿಂದ ಅದರಲ್ಲೇ ಟೀ ಕೊಟ್ಟೆ. ಅವರು ಎತ್ತಿದ್ದೇ ತಡ, ಹಿಡಿ ಕೈಯಲ್ಲಿ, ಕಪ್ ಮಡಿಲಲ್ಲಿ. ಮುರಿದ ಹಿಡಿಗೆ ಅಂಟು ಹಚ್ಚಿ ಕೂರಿಸಿದ್ದರು. ಬಿಸಿಗೆ ಅಂಟು ಬಿಟ್ಟಿತ್ತು. ಚಿಕ್ಕಮ್ಮನ ಕಾಲು ಸುಟ್ಟಿತಲ್ಲ ಅನ್ನುವ ಸಂಕಟ ನನಗೆ ಇನ್ನೂ ಇದೆ. ಅಂದಿನಿಂದ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ಬ್ಯಾಗಿನಲ್ಲೇ ಇರುತ್ತದೆ. ಕತ್ತಲಲ್ಲಿ ಹಿಡಿಯ ಬುಡಕ್ಕೆ ಬಿಟ್ಟರೆ ಎಷ್ಟೋ ಬಗೆಯ ಅಂಟು ಬೇರೆಯಾಗಿ ಹೊಳೆಯುತ್ತದೆ. ಸಂಜೆ ವ್ಯಾಪಾರ ಮಾತ್ರ ಬಿಟ್ಟೇಬಿಟ್ಟೆ.

ಕಪ್ಪಿನ ತಳದ ಮುದ್ರೆ ಓದುವುದೇ ನನಗೆ ಜಾಸ್ತಿ ಖುಷಿ ಕೊಡುವ ಕೆಲಸ. ಅಮೆರಿಕ ತನ್ನಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು 1891ರಿಂದ ಕಡ್ಡಾಯ ಮಾಡಿತು. ಹಾಗಾಗಿ ಬರೀ 'ಇಂಗ್ಲೆಂಡ್' ಅಂತಿದ್ದರೆ ಹೆಚ್ಚಾಗಿ ಅದಾದ ಮೇಲಿನದು. 'ಮೇಡ್ ಇನ್ ಇಂಗ್ಲೆಂಡ್' ಅಂತಿದ್ದರೆ ಬಹುಪಾಲು 20ನೇ ಶತಮಾನದ್ದು. ಜಪಾನಿನವು 1921ರ ತನಕ 'ನಿಪ್ಪಾನ್', ಆಮೇಲೆ 'ಜಪಾನ್'. ನನ್ನಲ್ಲಿ ಒಂದು ಕಪ್ಪಿನ ತಳದಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದಿದೆ. ಮಹಾಯುದ್ಧದಲ್ಲಿ ಸೋತ ಜಪಾನ್ 1952ರವರೆಗೆ ಪರರ ಆಡಳಿತದಲ್ಲಿತ್ತು, ಆ ಕೆಲವೇ ವರ್ಷಗಳ ಕಪ್ ಇದು. ಅಂಗೈಯಗಲದ ಸಾಮಾನಿನಲ್ಲಿ ಒಂದು ದೇಶದ ಸೋಲು ಅಚ್ಚಾಗಿದೆ ಅನ್ನಿಸಿದಾಗ ಮೈ ಜುಮ್ಮೆಂದಿತ್ತು. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ನೂರೈವತ್ತು ವರ್ಷ ಹಳೆಯದು ಅಂತ ನಂಬಬೇಡಿ. ಮಾರುವವರು ಹಾಗೆ ಹೇಳುತ್ತಾರೆ. ಎಷ್ಟೋ ಸಲ ಮುದ್ರೆ ಬಸಿಗೆ ಮಾತ್ರ ಹಾಕಿರುತ್ತಾರೆ.

ಮನೆಯಲ್ಲಿ ಒಂದು ತಕರಾರು ಬಂತು. ಬೋನ್ ಚೈನಾದಲ್ಲಿ ಸುಮಾರು ಅರ್ಧ ಭಾಗ ದನದ ಮೂಳೆಯ ಬೂದಿ. ಅಮ್ಮನಿಗೆ ಇದು ಗೊತ್ತಾದ ದಿನ, "ಅಡಿಗೆ ಮನೆಗೆ ಮಾತ್ರ ಅದನ್ನ ತರಬೇಡ ಕಣೇ" ಅಂದರು. ಅವರ ಮನಸ್ಸು ನೋಯಿಸಿ ಕಪ್ ಕೂಡಿಡುವುದು ನನಗೆ ಬೇಕಿರಲಿಲ್ಲ. ನಡುಮನೆಯಲ್ಲಿ ಬೇರೆ ಬೀರು ಮಾಡಿಸಿದೆ, ತೊಳೆಯುವುದೂ ಹಿತ್ತಿಲ ನಲ್ಲಿಯಲ್ಲೇ. ಬೇಸರವಿರುವವರು ಮಾಮೂಲಿ ಪಿಂಗಾಣಿಯಲ್ಲೇ ಶುರು ಮಾಡಬಹುದು, ಅದರಲ್ಲೂ ಚೆಂದದವು ಸಿಗುತ್ತವೆ. ತುಂಬಾ ಹಳೆಯ, ಬಣ್ಣ ಜಾಸ್ತಿ ಇರುವ ಕಪ್ಪುಗಳಲ್ಲಿ ನಾನು ಕುಡಿಯುವುದಿಲ್ಲ. ಆಗಿನ ಬಣ್ಣ, ಹೊಳಪಿನಲ್ಲಿ ಸೀಸ ಇರಬಹುದು.

ಹೊಸದಾಗಿ ಶುರು ಮಾಡುವವರಿಗೆ ನೀಲಿ-ಬಿಳಿ ವಿಲೋ ಚಿತ್ರದ್ದನ್ನು ಹುಡುಕಿ ಅನ್ನುತ್ತೇನೆ. ಸೇತುವೆ, ಮರ, ಮೇಲೆ ಎರಡು ಹಕ್ಕಿ. ಚೀನಾದ್ದು ಅನ್ನಿಸಿದರೂ ಚಿತ್ರ ಹುಟ್ಟಿದ್ದು 18ನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ಲೆಕ್ಕವಿಲ್ಲದಷ್ಟು ಕಂಪನಿಗಳು ಇದನ್ನೇ ಮಾಡಿವೆ. ಆದ್ದರಿಂದ ಒಬ್ಬರ ಕಪ್ಪಿಗೆ ಇನ್ನೊಬ್ಬರ ಬಸಿ ಸಿಕ್ಕಿದರೂ ಕಣ್ಣಿಗೆ ಜೋಡಿಯಾಗುತ್ತದೆ. ಬಸಿಯ ನಡುವಿನ ಗುಂಡಿಯಲ್ಲಿ ಕಪ್ಪಿನ ಪಾದ ಅಲ್ಲಾಡದೆ ಕೂತರೆ ಸಾಕು.

ತಂದ ಮೇಲೆ ಕಲೆಗೆ ಅಡಿಗೆ ಸೋಡಾ ಒದ್ದೆ ಮಾಡಿ ಬೆರಳಲ್ಲೇ ತಿಕ್ಕಿ, ಚಿನ್ನದ ಗೆರೆ ಮುಟ್ಟಬೇಡಿ. ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಬಸಿಗಳನ್ನು ಪೇರಿಸಿದರೆ ನಡುವೆ ಹಳೇ ಕಾಟನ್ ಸೀರೆಯ ತುಂಡು ಹಾಕಿ.

ಆ ಮೊದಲ ಕಪ್ಪಿಗೆ ಇನ್ನೂ ಬಸಿ ಸಿಕ್ಕಿಲ್ಲ. ಅದರ ಪಾದದ ಅಳತೆಗೆ ರಟ್ಟಿನ ಬಿಲ್ಲೆ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಸಕಲೇಶಪುರದಲ್ಲಿ ಅದೇ ನೀಲಿ ಹೂವಿನ ಬಸಿ ಕಂಡು ಎದೆ ಹೊಡೆದುಕೊಂಡಿತು. ಬಿಲ್ಲೆ ಇಟ್ಟು ನೋಡಿದೆ. ಸುತ್ತ ಒಂದು ನೂಲಿನಷ್ಟು ಜಾಗ ಉಳಿಯಿತು. ಅಲ್ಲೇ ಬಿಟ್ಟು ಬಂದೆ.