ತುದಿಯಿಂದ ಆರು ಮಿಲಿಮೀಟರ್ ದೂರ

ಎಂ.ಟೆಕ್ ಪ್ರಾಜೆಕ್ಟ್‌ಗೆ ನನ್ನ ಕೈಗೆ ಬಂದಿದ್ದು ಒಂದು ಅಲ್ಯೂಮಿನಿಯಂ ಪಟ್ಟಿ. 50 ಮಿಮೀ ಅಗಲ, 6 ಮಿಮೀ ದಪ್ಪ. ಒಂದು ಅಂಚಿನಿಂದ ಒಳಕ್ಕೆ 20 ಮಿಮೀ ಬಿರುಕು. ಪಟ್ಟಿಯನ್ನು ಎಳೆದಾಗ ಬಿರುಕಿನ ಸುತ್ತ ಸ್ಟ್ರೆಸ್, ಅಂದರೆ ಲೋಹದೊಳಗಿನ ಒತ್ತಡ, ಎಷ್ಟು ಏರುತ್ತದೆ ಅಂತ ಸ್ಟ್ರೇನ್ ಗೇಜ್ ಹಾಕಿ ನೋಡಬೇಕಿತ್ತು. ಲೋಹದ ಮೇಲೆ ಅಂಟಿಸುವ ಪುಟ್ಟ ತಂತಿಯ ಪಟ್ಟಿ ಅದು. ಲೋಹ ಹಿಗ್ಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅದರಿಂದ ಸ್ಟ್ರೇನ್, ಅಂದರೆ ಹಿಗ್ಗಿದ ಪ್ರಮಾಣ, ಗೊತ್ತಾಗುತ್ತದೆ.

ಸ್ಟ್ರೆಸ್ ಜಾಸ್ತಿ ಇರುವುದು ಬಿರುಕಿನ ತುದಿಯಲ್ಲೇ ಅಲ್ವಾ? ಹಾಗಾಗಿ 5 ಮಿಮೀ ಉದ್ದದ ಗೇಜೊಂದನ್ನು ತುದಿಗೆ ತಾಗುವ ಹಾಗೆ ಅಂಟಿಸಿಬಿಟ್ಟೆ. ಬಂದ ಸಂಖ್ಯೆ ಯಾವ ಲೆಕ್ಕಕ್ಕೂ ಕೂರಲಿಲ್ಲ. ಕೂರುವುದಾದರೂ ಹೇಗೆ? ಗೇಜ್ ತನ್ನ ಉದ್ದಕ್ಕೂ ಇರುವ ಸ್ಟ್ರೇನಿನ ಸರಾಸರಿಯನ್ನು ಮಾತ್ರ ಹೇಳುತ್ತದೆ. ತುದಿಯ ಹತ್ತಿರವೋ ಸ್ಟ್ರೇನ್ ಮಿಲಿಮೀಟರ್ ಮಿಲಿಮೀಟರಿಗೂ ದಬದಬನೆ ಇಳಿಯುತ್ತದೆ. ಸಾಲದ್ದಕ್ಕೆ, ತುದಿಯಿಂದ ದಪ್ಪದ ಅರ್ಧದಷ್ಟು ದೂರದೊಳಗೆ, ಅಂದರೆ ನನ್ನ ಪಟ್ಟಿಯಲ್ಲಿ 3 ಮಿಮೀ ಒಳಗೆ, ಪುಸ್ತಕದ ಎರಡು ಆಯಾಮದ ಸೂತ್ರವನ್ನು ನಂಬುವ ಹಾಗಿಲ್ಲ.

ದಾರಿ ತೋರಿಸಿದ್ದು ಡ್ಯಾಲಿ ಮತ್ತು ಸ್ಯಾನ್‌ಫೋರ್ಡ್ ಎಂಬ ಸಂಶೋಧಕರು 1987ರಲ್ಲಿ ಬರೆದ ಪ್ರಬಂಧ. ತುದಿಯಿಂದ ದೂರ ಸರಿದರೆ ಸೂತ್ರದಲ್ಲಿ ಬೇಡದ ಗಣಿತದ ಪದಗಳು (ಟರ್ಮ್‌ಗಳು) ಬಂದು ಸೇರುತ್ತವೆ. ಅವು ಗೇಜಿಗೆ ಕಾಣದ ಹಾಗೆ ಕೋನ ಆರಿಸಿಕೊಳ್ಳಿ ಅನ್ನುತ್ತಾರೆ ಅವರು. ಪಾಯ್ಸನ್ ಅನುಪಾತ (ಎಳೆದಾಗ ಉದ್ದ ಹಿಗ್ಗಿದ್ದಕ್ಕೆ ಹೋಲಿಸಿದರೆ ಅಗಲ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ) ಮೂರನೇ ಒಂದು ಇದ್ದರೆ ಆ ಕೋನ 60 ಡಿಗ್ರಿ. ಅಲ್ಯೂಮಿನಿಯಂ ಹೆಚ್ಚುಕಡಿಮೆ ಅಷ್ಟೇ. ಬಿರುಕು ಮುಂದುವರಿಯುವ ದಿಕ್ಕಿಗೆ 60 ಡಿಗ್ರಿಯಲ್ಲಿ ತುದಿಯಿಂದ ಗೆರೆ ಎಳೆದು, ಆ ಗೆರೆಯ ಮೇಲೇ ಗೇಜನ್ನು ಉದ್ದಕ್ಕೆ ಮಲಗಿಸಿದರೆ ಆಯಿತು. ದೂರದ ಬೆಟ್ಟ ನುಣ್ಣಗೆ ಅಂತ ಹೀಯಾಳಿಸುತ್ತೇವೆ. ಇಲ್ಲಿ ನಮಗೆ ಬೇಕಾಗಿದ್ದೂ ಆ ನುಣುಪೇ.

ಎರಡನೇ ಸಲ 1 ಮಿಮೀ ಗೇಜ್ ತೆಗೆದುಕೊಂಡೆ. ಪಟ್ಟಿಯನ್ನು ಅಸಿಟೋನಿನಲ್ಲಿ ಒರೆಸಿ, 320 ನಂಬರಿನ ಎಮರಿ ಕಾಗದದಲ್ಲಿ ಉಜ್ಜಿದೆ. ಗಟ್ಟಿ ಪೆನ್ಸಿಲಿನಿಂದ ಗೆರೆ ಎಳೆದು 6 ಮಿಮೀಗೆ ಗುರುತು ಹಾಕಿದೆ. ಮತ್ತೆ ಒರೆಸುವಾಗ ಹತ್ತಿಯನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ತೆಗೆದ ಕೊಳೆಯನ್ನೇ ವಾಪಸ್ ಬಳಿದ ಹಾಗೆ. ಟೇಪಿನಲ್ಲಿ ಗೇಜ್ ಹಿಡಿದು, ಒಂದು ಹನಿ ಸೂಪರ್‌ಗ್ಲೂ ಹಾಕಿ, ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿದೆ.

ಆಮೇಲೆ ಕಾಡಿದ್ದು ಬಿಸಿಲು. ಭಾರ ಹಾಕದೇ ಸುಮ್ನೆ ಬಿಟ್ಟಿದ್ದರೂ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಮೀಟರ್ 60 ಮೈಕ್ರೋಸ್ಟ್ರೇನ್ ಹತ್ತಿರ ಜಾರಿತ್ತು (ಒಂದು ಮೈಕ್ರೋಸ್ಟ್ರೇನ್ ಅಂದರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಹಿಗ್ಗುವುದು). ಎರಡು ದಿನ ವೈರ್, ಬೆಸುಗೆ ಎಲ್ಲ ತಡಕಿದೆ. ಕೊನೆಗೆ ಗೇಜಿನ ಪ್ಯಾಕೆಟ್ ನೋಡಿದರೆ ಅದರ ಮೇಲೆ 11 ಅಂತಿದೆ. ಒಂದು ಡಿಗ್ರಿ ಬಿಸಿಗೆ ಎಷ್ಟು ಮೈಕ್ರೋಸ್ಟ್ರೇನ್ ಹಿಗ್ಗುವ ಲೋಹಕ್ಕೆ ಆ ಗೇಜ್ ಅಂತ ಹೇಳುವ ಸಂಖ್ಯೆ ಅದು. ಅದು ಉಕ್ಕಿಗೆ ಹೊಂದಿಸಿದ ಗೇಜ್! ಅಲ್ಯೂಮಿನಿಯಂಗೆ ಬೇಕಾದ್ದು 23. ವ್ಯತ್ಯಾಸ 12, ಅಂದರೆ ಒಂದೊಂದು ಡಿಗ್ರಿ ಬಿಸಿ ಏರಿದಾಗಲೂ 12 ಮೈಕ್ರೋಸ್ಟ್ರೇನ್ ಸುಳ್ಳು. ತಪ್ಪು ಪ್ಯಾಕೆಟ್ ತೆಗೆದವನು ನಾನೇ. ಅದೇ ಅಲ್ಯೂಮಿನಿಯಂನ ಇನ್ನೊಂದು ತುಂಡಿಗೆ ಅಂಥದ್ದೇ ಗೇಜ್ ಅಂಟಿಸಿ, ಭಾರವಿಲ್ಲದೆ ಪಕ್ಕದಲ್ಲಿಟ್ಟು, ಬ್ರಿಡ್ಜಿನ (ಗೇಜಿನ ರೋಧ ಅಳೆಯುವ, ನಾಲ್ಕು ಕೈಗಳ ವಿದ್ಯುತ್ ಸರ್ಕ್ಯೂಟ್) ಪಕ್ಕದ ಕೈಗೆ ಜೋಡಿಸಿದೆ. ಬಿಸಿಯ ಸುಳ್ಳು ಎರಡರಲ್ಲೂ ಒಂದೇ, ಹಾಗಾಗಿ ಒಂದನ್ನೊಂದು ಕಳೆದುಹಾಕುತ್ತದೆ. ಜಾರುವುದು ನಿಂತಿತು.

3 ಕಿಲೋನ್ಯೂಟನ್ ಭಾರ ಹಾಕಿದೆ. ಲೆಕ್ಕದ ಪ್ರಕಾರ ಸ್ಟ್ರೆಸ್ ಇಂಟೆನ್ಸಿಟಿ, ಅಂದರೆ ಬಿರುಕಿನ ತುದಿಯ ಸುತ್ತ ಸ್ಟ್ರೆಸ್ ಎಷ್ಟು ಜೋರಾಗಿದೆ ಅನ್ನುವ ಅಳತೆ, 5.27 ಮೆಗಾಪಾಸ್ಕಲ್ ರೂಟ್ ಮೀಟರ್, ಗೇಜಿನಲ್ಲಿ 336 ಮೈಕ್ರೋಸ್ಟ್ರೇನ್ ಬರಬೇಕು. 120 ಓಮ್ ಗೇಜಿನಲ್ಲಿ ಇದು ಬರೀ 0.08 ಓಮ್ ಬದಲಾವಣೆ! ನನಗೆ ಬಂದಿದ್ದು 318. ಐದು ಪರ್ಸೆಂಟ್ ಕಮ್ಮಿ. ಗೈಡ್ "ಸಾಕು ಬಿಡು, ಚೆನ್ನಾಗಿದೆ" ಅಂದರು. ನನಗೆ ಸಮಾಧಾನ ಆಗಲಿಲ್ಲ.

ಪಟ್ಟಿಯನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ತುದಿಯಿಂದ ಗೇಜಿನ ನಡುವಿಗೆ 6 ಅಲ್ಲ, 6.6 ಮಿಮೀ. ಹೆಬ್ಬೆರಳಲ್ಲಿ ಒತ್ತುವಾಗ ಗೇಜ್ ಗೆರೆಯ ಮೇಲೇ ಜಾರಿ ಮುಂದೆ ಹೋಗಿತ್ತು. ಸೂತ್ರದಲ್ಲಿ ದೂರದ ವರ್ಗಮೂಲ ಇದೆ. 6.6 ಹಾಕಿ ಸ್ಟ್ರೆಸ್ ಇಂಟೆನ್ಸಿಟಿಯನ್ನು ಮತ್ತೆ ಲೆಕ್ಕ ಮಾಡಿದೆ: 5.23.

ಈಗಲೂ ಹೆಬ್ಬೆರಳಲ್ಲೇ ಒತ್ತುತ್ತೇನೆ. ಅಂಟು ಒಣಗಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ದೂರ ನೋಡಿ, ಅದನ್ನು ಪಟ್ಟಿಯ ಮೇಲೇ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.