ಶುಂಠಿ ಮಡಿಗೆ ಟ್ರೈಕೋಡರ್ಮಾ, ವ್ಯಾಮ್: ನಾನು ಮಾಡಿದ ಕ್ರಮ

ನಮ್ಮದು ಗುಬ್ಬಿ ಕಡೆ, ಕೆಂಪು ಮಣ್ಣು, ಬೋರ್‌ವೆಲ್ ನೀರು. ಅಡಿಕೆ ಸಸಿ ಇನ್ನೂ ಚಿಕ್ಕವು, ನಡುವೆ ಜಾಗ ಖಾಲಿ ಇತ್ತು, ಶುಂಠಿ ಹಾಕಿದೆ.

ಟ್ರೈಕೋಡರ್ಮಾ (ಕೊಳೆ ರೋಗದ ಶಿಲೀಂಧ್ರವನ್ನು ಅಡಗಿಸುವಂಥದ್ದು), ವ್ಯಾಮ್ (ಬೇರಿಗೆ ಕೂಡಿಕೊಂಡು ಬೆಳೆಯುವಂಥದ್ದು) ಎರಡೂ ಒಳ್ಳೆಯ ಶಿಲೀಂಧ್ರಗಳೇ. ಆದರೆ ಎರಡನ್ನೂ ಸುಮ್ನೆ ಗೊಬ್ಬರಕ್ಕೆ ಕಲಸಿ ಎರಚಿದರೆ ಆಗಲ್ಲ. ಟ್ರೈಕೋಡರ್ಮಾ ಗೊಬ್ಬರದಲ್ಲೇ ಬೆಳೆಯುತ್ತೆ. ಕಳಿತ ಕೊಟ್ಟಿಗೆ ಗೊಬ್ಬರ 100 ಕೆಜಿಗೆ 1 ಕೆಜಿ ಪುಡಿ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ ಬೆರೆಸಿ, ನೆರಳಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ, ಆಗಾಗ ನೀರು ಚಿಮುಕಿಸುತ್ತಾ ಒಂದೆರಡು ವಾರ ಬಿಟ್ಟೆ. ಮೇಲೆ ಟ್ರೈಕೋಡರ್ಮಾದ ಹಸಿರು ಪದರ ಕಟ್ಟಿತು, ಆ ಗೊಬ್ಬರವನ್ನೇ ಮಡಿಗೆ ಹಾಕಿದೆ. ಹಸಿ ಸಗಣಿ ಬೇಡ, ಅದು ಕಾವು ಏರಿ ಬಿಸಿಯಾಗುತ್ತೆ, ಆ ಬಿಸಿಗೆ ಟ್ರೈಕೋಡರ್ಮಾ ಉಳಿಯಲ್ಲ.

ವ್ಯಾಮ್ ಹಾಗಲ್ಲ. ಅದು ಬದುಕಿರುವ ಬೇರಿನ ಮೇಲೆ ಮಾತ್ರ ಬೆಳೆಯುತ್ತೆ, ತಿಪ್ಪೆಯಲ್ಲಿ ಹೆಚ್ಚಲ್ಲ. ಹಾಗಾಗಿ ನಾಟಿ ಮಾಡುವಾಗ ಪ್ರತಿ ಗುಳಿಯಲ್ಲಿ, ಬಿತ್ತನೆ ಗಡ್ಡೆಯ ಕೆಳಗೇ ಒಂದು ಚಮಚದಷ್ಟು ಹಾಕಿದೆ, ಹೊಸ ಬೇರು ಇಳಿಯುವಾಗಲೇ ತಗುಲಲಿ ಅಂತ. ಬೇರು ತಲುಪದ ಕಡೆಯಿಂದ ಅದರ ಎಳೆಗಳು ರಂಜಕ, ಸತು ಎಳೆದು ತರುತ್ತವೆ. ಮಣ್ಣಲ್ಲಿ ರಂಜಕ ಜಾಸ್ತಿ ಇದ್ದರೆ ಮಾತ್ರ ಬೇರಿಗೂ ಅದಕ್ಕೂ ನಂಟು ಸರಿಯಾಗಿ ಕೂಡಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಡಿಎಪಿ (ರಂಜಕದ ಗೊಬ್ಬರ) ಮಾತು. ನಮ್ಮೂರಲ್ಲಿ ಕಣ್ಣು ಮುಚ್ಚಿಕೊಂಡು ಡಿಎಪಿ ಸುರಿಯುತ್ತಾರೆ, ಅಲ್ವಾ? ಆಮೇಲೆ ವ್ಯಾಮ್ ಕೆಲಸ ಮಾಡಲಿಲ್ಲ ಅಂತ ಬೈತಾರೆ.

ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಔಷಧಿಯನ್ನು ಟ್ರೈಕೋಡರ್ಮಾ ಜೊತೆ ಕೊಡಬೇಡಿ, ಟ್ರೈಕೋಡರ್ಮಾನೂ ಸಾಯುತ್ತೆ.

ಒಂದು ಮಡಿ ಬೇಕಂತಲೇ ಬರೀ ಗೊಬ್ಬರದಲ್ಲಿ ಬಿಟ್ಟಿದ್ದೆ. ಗರಿ ನೋಡಿದರೆ ಶುರುವಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಮಳೆ ಕೈಕೊಟ್ಟು ಕರೆಂಟೂ ಸರಿಯಾಗಿ ಬಾರದಿದ್ದಾಗ ಆ ಮಡಿ ಮೊದಲು ಬಾಡಿತು. ಕಿತ್ತಾಗ ಉಳಿದ ಮಡಿಗಳಲ್ಲಿ ಬೇರು ದಟ್ಟವಾಗಿತ್ತು, ಗಡ್ಡೆ ದಪ್ಪ, ಕೊಳೆತದ್ದು ಕಡಿಮೆ. ಒಂದೇ ಹೊಲದ ಮಾತಿದು, ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ನೀರು ನಿಲ್ಲುವ ಜಾಗದಲ್ಲಂತೂ ಯಾವ ಶಿಲೀಂಧ್ರವೂ ಕೊಳೆ ರೋಗ ತಡೆಯಲ್ಲ. ಏರುಮಡಿ, ಬಸಿಗಾಲುವೆ, ರೋಗವಿಲ್ಲದ ಬಿತ್ತನೆ ಮೊದಲು.

ಅದೇ ಜಾಗಕ್ಕೆ ಮತ್ತೆ ಶುಂಠಿ ಹಾಕಲ್ಲ. ಮುಂದಿನ ಬೆಳೆ ರಾಗಿ, ಅದರ ಬೇರಲ್ಲೂ ವ್ಯಾಮ್ ಉಳಿಯುತ್ತೆ. ತಮ್ಮ ಎಲೆಕೋಸು ಹಾಕೋಣ ಅಂತಿದ್ದಾನೆ, ಕೋಸಿನ ಬೇರಿಗೆ ವ್ಯಾಮ್ ಕೂಡುವುದೇ ಇಲ್ಲ, ಅದಕ್ಕೇ ಬೇಡ ಅಂದಿದ್ದೇನೆ.