ಡಿಶ್ ರಿಮೋಟಿಗೆ ಟೀವಿ, ಸೌಂಡ್‌ಬಾರ್, ಏಸಿ ಕಲಿಸಿದ್ದು

ಮೊದಲು ನೋಡಬೇಕಾದದ್ದು ನಿಮ್ಮ ಡಿಶ್ ರಿಮೋಟು ಕಲಿಯುವ ಜಾತಿಯದೋ, ಅಂದರೆ ಬೇರೆ ರಿಮೋಟಿನ ಬಟನ್ನುಗಳ ಸಂಕೇತವನ್ನು ನಕಲು ಮಾಡಿಕೊಳ್ಳುವಂಥದ್ದೋ ಅಲ್ಲವೋ ಎಂಬುದನ್ನು. ಕಲಿಯುವ ರಿಮೋಟಿನಲ್ಲಿ ನಾಲ್ಕಾರು ಬಟನ್ನುಗಳ ಸುತ್ತ ಒಂದು ಗೆರೆ ಎಳೆದು ‘ಟೀವಿ’ ಎಂದು ಬರೆದಿರುತ್ತದೆ, ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ‘ಸೆಟ್’ ಬಟನ್ನು ಇರುತ್ತದೆ. ಅಂಥ ಟೀವಿ ಬಟನ್ನುಗಳೇ ಇಲ್ಲದಿದ್ದರೆ ಬೇರೆ ರಿಮೋಟು ಕೊಳ್ಳಬೇಕು. ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಗೆ ಹೋಗುವಾಗ ಹಳೇ ರಿಮೋಟನ್ನು ಜೊತೆಗೆ ಒಯ್ಯಿರಿ. ‘ಎಲ್ಲಾ ಬಾಕ್ಸಿಗೂ ನಡೀತೈತ್ರಿ, ಒಯ್ರಿ’ ಅಂತ ಅಂಗಡಿಯವರು ಅಂದರೆ ನಂಬಬೇಡಿ. ಒಂದೇ ಕಂಪನಿಯ ಎರಡು ಬಾಕ್ಸುಗಳಿಗೆ ಬೇರೆ ಬೇರೆ ಕೋಡ್ ಇರಬಹುದು. ನಡೆಯದಿದ್ದರೆ ಬದಲಿಸಿ ಕೊಡುವ ಮಾತು ಆದ ಮೇಲೆಯೇ ದುಡ್ಡು ಕೊಡಿ.

ಎರಡನೆಯದು, ಕಲಿಸಿಕೊಡುವ ಮೂಲ ರಿಮೋಟು (ಟೀವಿ, ಸೌಂಡ್‌ಬಾರ್ ಅಥವಾ ಏಸಿಯದು) ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆಯೇ? ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಬಟನ್ನು ಒತ್ತಿ. ಪರದೆಯ ಮೇಲೆ ನೇರಳೆ ಛಾಯೆಯ ಬೆಳಕು ಮಿನುಗಿದರೆ ಸರಿ. ಹಿಂದಿನ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಫಿಲ್ಟರ್ ಬಿಗಿ ಇರುವುದರಿಂದ ಅದರಲ್ಲಿ ಕಾಣದಿರಬಹುದು. ಮಾತಾಡಿದರೆ ಕೇಳುವ ಹೊಸ ಟೀವಿ ರಿಮೋಟುಗಳಲ್ಲಿ ಪವರ್ ಬಟನ್ನಿಗೆ ಮಾತ್ರ ಬೆಳಕು, ಉಳಿದದ್ದೆಲ್ಲ ಬ್ಲೂಟೂತ್ ಇರುವುದುಂಟು. ಹಾಗಾಗಿ ಒಂದೊಂದೇ ಬಟನ್ನನ್ನು ಪರೀಕ್ಷಿಸಿ. ಬ್ಲೂಟೂತನ್ನು ಈ ರಿಮೋಟು ಏನು ಮಾಡಿದರೂ ಕಲಿಯದು.

ನನ್ನ ರಿಮೋಟಿನಲ್ಲಿ ಕಲಿಯುವ ಬಟನ್ನು ಆರು: ಪವರ್, ಸೋರ್ಸ್, ವಾಲ್ಯೂಮ್ ಎರಡು, ಚಾನೆಲ್ ಎರಡು. ಪವರ್ ಮತ್ತು ಸೋರ್ಸನ್ನು ಟೀವಿ ರಿಮೋಟಿನಿಂದ ಕಲಿಸಿದೆ. ವಾಲ್ಯೂಮನ್ನು ಸೌಂಡ್‌ಬಾರಿನ ರಿಮೋಟಿನಿಂದ ಕಲಿಸಿ, ಟೀವಿಯ ಸ್ವಂತ ಸ್ಪೀಕರನ್ನು ಮೆನುವಿನಲ್ಲಿ ಬಂದ್ ಮಾಡಿದೆ. ಡಿಶ್ ಇದ್ದ ಮೇಲೆ ಟೀವಿಯ ಚಾನೆಲ್ ಬಟನ್ನಿಗೆ ಕೆಲಸವೇ ಇಲ್ಲ, ಹಾಗಾಗಿ ಅವೆರಡನ್ನು ಏಸಿಗೆ ಬಿಟ್ಟೆ.

ಕಲಿಸುವ ಕ್ರಮ ಇಷ್ಟೇ. ಸೆಟ್ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಕೆಂಪು ದೀಪ ಸ್ಥಿರವಾಗಿ ಉರಿಯುತ್ತದೆ. ತುಂಬಿಸಬೇಕಾದ ಬಟನ್ನನ್ನು ಒಮ್ಮೆ ಒತ್ತಿದರೆ ದೀಪ ಮಿಣುಕಲು ಶುರುವಾಗುತ್ತದೆ. ಆಗ ಮೂಲ ರಿಮೋಟಿನ ಅದೇ ಕೆಲಸದ ಬಟನ್ನು ಒತ್ತಬೇಕು. ದೀಪ ಪಟಪಟನೆ ಮಿಣುಕಿ ಮತ್ತೆ ಸ್ಥಿರವಾದರೆ ಸೇರಿತು. ಮುಂದಿನ ಬಟನ್ನಿಗೆ ಹೋಗಿ, ಎಲ್ಲ ಮುಗಿದ ಮೇಲೆ ಸೆಟ್ ಒತ್ತಿ ಹೊರಬನ್ನಿ. ಬೇರೆ ರಿಮೋಟುಗಳಲ್ಲಿ ಸೆಟ್ ಬದಲು ಟೀವಿ-ಪವರನ್ನೇ ಹಿಡಿಯಬೇಕಾದೀತು.

ಹೇಳಲು ಸುಲಭ, ಆದರೆ ಮೊದಲ ಸಲಕ್ಕೇ ಆಗುವುದು ಕಡಿಮೆ. ಈ ರಿಮೋಟಿಗೆ ಕೋಡಿನ ಅರ್ಥ ತಿಳಿಯುವುದಿಲ್ಲ, ಕಂಡ ಮಿಣುಕನ್ನು ಹಾಗೇ ನಕಲು ಮಾಡಿಕೊಳ್ಳುತ್ತದೆ ಅಷ್ಟೇ. ಮಿಣುಕು ಕೆಟ್ಟಿದ್ದರೆ ನಕಲೂ ಕೆಟ್ಟದ್ದೇ. ಎರಡೂ ರಿಮೋಟುಗಳ ಮೂತಿ ಎದುರುಬದುರಾಗಿ ಎರಡು-ಮೂರು ಸೆಂಟಿಮೀಟರ್ ಅಂತರದಲ್ಲಿರಲಿ. ಟೀವಿ ರಿಮೋಟು ತೆಳ್ಳಗೆ, ಡಿಶ್ಶಿನದು ದಪ್ಪ. ಟೇಬಲ್ ಮೇಲೆ ಇಟ್ಟಾಗ ಎರಡರ ದೀಪಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ತೆಳ್ಳನೆಯದರ ಅಡಿಗೆ ಹಳೇ ಪೇಪರು ಮಡಿಸಿ ಇಟ್ಟು ಸರಿಮಾಡಿ. ಕೈಯಲ್ಲಿ ಹಿಡಿದು ಮಾಡಿದರೆ ಒತ್ತುವಾಗ ಅಲುಗಾಡಿ ತಪ್ಪುತ್ತದೆ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು, ಸಿಎಫ್‌ಎಲ್ ಬಲ್ಬು, ಎಲೆಕ್ಟ್ರಾನಿಕ್ ಚೋಕಿನ ಹಳೇ ಟ್ಯೂಬ್‌ಲೈಟು, ಇವೆಲ್ಲ ನಕಲಿಗೆ ಕಸ ಸೇರಿಸುತ್ತವೆ. ಅವನ್ನು ಆರಿಸಿ, ಪರದೆ ಎಳೆದು ಕೂಡ್ರಿ. ಸೆಲ್ಲು ಎರಡಕ್ಕೂ ಹೊಸದಿರಲಿ.

ಎಷ್ಟು ಹೊತ್ತು ಒತ್ತಬೇಕು ಎಂಬುದೂ ಮುಖ್ಯ. ಎನ್‌ಇಸಿ ಎಂಬ ಕೋಡ್ ಪದ್ಧತಿ ಬಹಳ ಬಳಕೆಯಲ್ಲಿದೆ. ಅದರಲ್ಲಿ 9 ಮಿಲಿಸೆಕೆಂಡಿನ ಉದ್ದ ಮಿಣುಕು, 4.5 ಮಿಲಿಸೆಕೆಂಡಿನ ಬಿಡುವು, ಆಮೇಲೆ 32 ಬಿಟ್ (ಒಂದೊಂದೂ 0 ಅಥವಾ 1) ಬರುತ್ತವೆ. ಬಟನ್ನನ್ನು ಒತ್ತಿಯೇ ಹಿಡಿದರೆ ಪೂರ್ತಿ ಕೋಡ್ ಮತ್ತೆ ಬರುವುದಿಲ್ಲ. ‘ಅದೇ, ಅದೇ’ ಎನ್ನುವ ಚುಟುಕು ಸಂಕೇತ ಮಾತ್ರ ಬರುತ್ತಾ ಹೋಗುತ್ತದೆ. ಕಲಿಯುವ ರಿಮೋಟು ತಡವಾಗಿ ಎಚ್ಚೆತ್ತು ಆ ಚುಟುಕನ್ನಷ್ಟೇ ಹಿಡಿದರೆ ದೀಪ ಸೇರಿತೆಂದು ತೋರಿಸುತ್ತದೆ, ಟೀವಿ ಮಾತ್ರ ಕದಲುವುದಿಲ್ಲ. ಕಲಿಯುವ ರಿಮೋಟಿನ ದೀಪ ಮಿಣುಕಲು ಶುರುವಾದದ್ದು ಕಂಡ ಮೇಲೆ ಮೂಲ ರಿಮೋಟಿನ ಬಟನ್ನನ್ನು ಒಮ್ಮೆ ಒತ್ತಿ ಅರ್ಧ ಸೆಕೆಂಡಿನೊಳಗೆ ಬಿಟ್ಟುಬಿಡಿ.

ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿಯ ಟೀವಿಗಳಲ್ಲಿ ಇನ್ನೊಂದು ಪೇಚಾಟ. ಅಲ್ಲಿ ಪ್ರತಿ ಹೊಸ ಒತ್ತಿಗೆ ಒಂದು ಬಿಟ್ ತಿರುವುಮುರುವಾಗುತ್ತದೆ. ಬಟನ್ನು ಬಿಟ್ಟು ಮತ್ತೆ ಒತ್ತಿದ್ದು ಟೀವಿಗೆ ಗೊತ್ತಾಗುವುದೇ ಅದರಿಂದ. ನಕಲಿನಲ್ಲಿ ಆ ಬಿಟ್ ಒಂದೇ ಕಡೆ ನಿಂತುಬಿಡುತ್ತದೆ. ಸೋರ್ಸ್ ಒಮ್ಮೆ ಕೆಲಸ ಮಾಡಿ ಎರಡನೇ ಸಲ ಸುಮ್ಮನಿದ್ದರೆ ಕಾರಣ ಇದೇ ಇರಬಹುದು. ನಡುವೆ ಅದೇ ಟೀವಿಯ ಬೇರೆ ಬಟನ್ನು ಒತ್ತಿದರೆ ಮುಂದೆ ಸಾಗುತ್ತದೆ.

ಏಸಿಯ ಲೆಕ್ಕವೇ ಬೇರೆ. ಅದರ ರಿಮೋಟು ‘ಒಂದು ಡಿಗ್ರಿ ಏರಿಸು’ ಎಂದು ಹೇಳುವುದಿಲ್ಲ. ಹೆಚ್ಚಿನ ಏಸಿಗಳಲ್ಲಿ ಯಾವ ಬಟನ್ನು ಒತ್ತಿದರೂ ಚಾಲೂ ಅಥವಾ ಬಂದ್, ಕೂಲ್, 26 ಡಿಗ್ರಿ, ಫ್ಯಾನಿನ ವೇಗ, ಹೀಗೆ ಪೂರ್ತಿ ಸ್ಥಿತಿಯನ್ನು ಒಟ್ಟಿಗೆ ಕಳಿಸುತ್ತದೆ. ಆದ್ದರಿಂದ ತಾಪಮಾನದ ಬಟನ್ನು ಕಲಿಸಿ ಪ್ರಯೋಜನವಿಲ್ಲ. ರಿಮೋಟಿನ ಪರದೆಯಲ್ಲಿ 26, ಕೂಲ್, ಫ್ಯಾನ್ ಮಧ್ಯಮ ಇಟ್ಟು ಬಂದ್ ಮಾಡಿ. ಈಗ ಚಾನೆಲ್ ಮೇಲಿನ ಬಟನ್ನಿಗೆ ಅದರ ಪವರ್ ಕಲಿಸಿದರೆ ‘26ಕ್ಕೆ ಚಾಲೂ’ ಸೇರುತ್ತದೆ. ಅದೇ ಪವರನ್ನು ಇನ್ನೊಮ್ಮೆ ಒತ್ತಿ ಚಾನೆಲ್ ಕೆಳಗಿನದಕ್ಕೆ ಕಲಿಸಿದರೆ ‘ಬಂದ್’. ಎರಡೂ ಬೇರೆ ಇರುವುದರಿಂದ ಕತ್ತಲಲ್ಲಿ ಎರಡು ಸಲ ಒತ್ತಿದರೂ ಗೊಂದಲವಿಲ್ಲ. ಆದರೆ ಏಸಿಯ ಸಂಕೇತ ಉದ್ದ, ಅನೇಕ ಮಾದರಿಗಳಲ್ಲಿ ನೂರು ಬಿಟ್ ದಾಟುತ್ತದೆ. ಅಗ್ಗದ ರಿಮೋಟಿನ ನೆನಪಿಗೆ ಅಷ್ಟು ಹಿಡಿಸದೆ ಬಾಲ ಕತ್ತರಿಸಿ ಹೋಗಬಹುದು. ಮೂರು ಸಲ ಸರಿಯಾಗಿ ಕಲಿಸಿದರೂ ಏಸಿ ಬೀಪ್ ಅನ್ನದಿದ್ದರೆ ಆಸೆ ಬಿಡಿ. ನಡೆದರೂ ಏಸಿಯ ಸ್ವಂತ ರಿಮೋಟನ್ನು ಎಸೆಯಬೇಡಿ, 24 ಬೇಕೆಂದಾಗ ಅದೇ ಗತಿ.

ಟೀವಿ, ಬಾಕ್ಸು ಎರಡನ್ನೂ ಒಂದೇ ಬಟನ್ನಿನಿಂದ ಚಾಲೂ ಮಾಡುವ ಸೌಲಭ್ಯ ಕೆಲವು ರಿಮೋಟಿನಲ್ಲಿರುತ್ತದೆ. ನಾನದನ್ನು ಬಳಸುವುದಿಲ್ಲ. ಕರೆಂಟು ಹೋಗಿ ಬಂದಾಗ ಬಾಕ್ಸು ತಾನೇ ಚಾಲೂ ಆಗುತ್ತದೆ, ಟೀವಿ ಮಲಗಿಯೇ ಇರುತ್ತದೆ. ಆಮೇಲೆ ಒತ್ತಿದಾಗಲೆಲ್ಲ ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಹೆಸ್ಕಾಂ ಕರೆಂಟಿನಲ್ಲಿ ಎರಡು ಪವರ್ ಬಟನ್ನು ಬೇರೆ ಇರುವುದೇ ವಾಸಿ.

ಎಲ್ಲ ಮುಗಿದ ಮೇಲೆ ಸೆಲ್ಲು ತೆಗೆದು, ಒಂದೆರಡು ಬಟನ್ನು ಒತ್ತಿ ಉಳಿದ ಚಾರ್ಜು ಇಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಕಲಿತದ್ದು ಮರೆತಿದ್ದರೆ ಪ್ರತಿ ಸಲ ಸೆಲ್ಲು ಬದಲಿಸಿದಾಗಲೂ ಇಷ್ಟೂ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಅಂಗಡಿಯವರು ಬದಲಿಸಿ ಕೊಡುವ ಗಡುವಿನೊಳಗೇ ಇದನ್ನು ನೋಡಿಕೊಳ್ಳಿ.